ಅಂಚಿನಲ್ಲಿದ್ದ ಮಾತು

ನವೆಂಬರ್ ೧೯, ಮಂಗಳವಾರ.

ಅಬ್ಬನ ಪುಸ್ತಕದ ಮೂರು ಸಂಪುಟಗಳೂ ಅಚ್ಚಾಗಿ ಹಂಚಿಹೋಗಿವೆ. ಇನ್ನೇನು ಮಾಡಲಿ?

ಮಧ್ಯಾಹ್ನ, ಕಣ್ಣು ಹೋದ ಅಬ್ಬನಿಗೆ ಅವರದೇ ಅನುವಾದವನ್ನು ಓದಿ ಹೇಳುತ್ತಿದ್ದೆ. ಹಳೆಯ ಇಮಾಮರೊಬ್ಬರ ಕುರ್‌ಆನ್ ವ್ಯಾಖ್ಯಾನ. ಸಹನೆಯ ಕುರಿತ ವಚನದ ಹತ್ತಿರ ಕೈಯೆತ್ತಿ ತಡೆದರು.

“ಈ ಮಾತು ಇಮಾಮರದ್ದಲ್ಲ ಮಗಳೇ, ನಂದು. ಅಂಚಲ್ಲಿ ಬರ್ಕೊಂಡಿದ್ದೆ.”

ಅವರ ಕೈಬರಹ ನೋಡಿ ಟೈಪ್ ಮಾಡಿದವಳು ನಾನು. ಅಂಚಿನಲ್ಲಿದ್ದವು ಬಿಟ್ಟುಹೋದ ಸಾಲುಗಳೆಂದುಕೊಂಡು ಎಲ್ಲವನ್ನೂ ಒಳಗೆ ಸೇರಿಸಿಬಿಟ್ಟೆ. ಯಾರ ಮಾತು ಯಾರಿಂದ ಬಂತೆಂದು ಹೇಳದೆ ಒಂದು ಅಭಿಪ್ರಾಯವನ್ನೂ ಬರೆಯದ ಆ ಇಮಾಮರ ಪುಸ್ತಕದಲ್ಲಿ! ಈಗ ಶುಕ್ರವಾರದ ಪ್ರವಚನಗಳಲ್ಲಿ ಆ ಸಾಲನ್ನು ಇಮಾಮರ ಹೆಸರಲ್ಲೇ ಹೇಳುತ್ತಾರೆ. ಅಬ್ಬನ ಕೈಬರಹವನ್ನು ರದ್ದಿಗೆ ಹಾಕಿದವಳೂ ನಾನೇ. ಮೂಲದ ಒಂದೇ ಒಂದು ಹಸ್ತಪ್ರತಿಯಿದ್ದ ಗ್ರಂಥಾಲಯ ಸುಟ್ಟುಹೋಗಿ ಆರು ವರ್ಷವಾಯಿತು.

“ಅಳ್ಬೇಡ. ಓದ್ತಾ ಹೋಗು, ಮುಂದಿನ ಮುದ್ರಣಕ್ಕೆ ನಂದೆಲ್ಲ ತೆಗೆದುಹಾಕೋಣ.”

ಮೊದಮೊದಲು ಥಟ್ಟನೆ ಹೇಳುತ್ತಿದ್ದರು: ನಂದು, ಅವರದ್ದು, ನಂದು. ನಲವತ್ತನೆಯ ಪುಟದಲ್ಲಿ ಒಂದು ಸಾಲನ್ನು ಮೂರು ಸಲ ಓದಿಸಿಕೊಂಡರು. ಆಮೇಲೆ ನನ್ನನ್ನೇ ಕೇಳಿದರು:

“ಇದು ಯಾರ್ದು ಮಗಳೇ?”

ನನಗೇನು ಗೊತ್ತು? “ಇಮಾಮರದ್ದು” ಎಂದುಬಿಟ್ಟೆ.

“ನೀ ಹೇಳಿದ್ಮೇಲೆ ಆಯ್ತು,” ಎಂದರು. “ಇರ್ಲಿ ಬಿಡು.”

ಇನ್ನೂ ಸಾವಿರದಿನ್ನೂರು ಪುಟ ಓದುವುದಿದೆ.