ಇವರ ತಪ್ಪು ಉತ್ತರಗಳು

ಮಾರ್ಚ್ 2, ಬೆಳಿಗ್ಗೆ 5.40

ಜೇನು ಸಾಕಣೆ, ನಾಲ್ಕನೆಯ ಪಾಠ. ರಾಣಿ ಜೇನು ಸತ್ತರೆ ಗೂಡಿನ ಗತಿಯೇನು ಎನ್ನುವಲ್ಲಿಗೆ ನಿಲ್ಲಿಸಿ ನಕ್ಷತ್ರಗಳ ಕೋರ್ಸಿಗೆ ಹಾರಿದೆ. ಅಲ್ಲಿಂದ ಹಳೆಯ ನಾಣ್ಯಗಳಿಗೆ. ಕೂತಲ್ಲಿ ಕೂರಲಾಗುತ್ತಿಲ್ಲ. ಸೇರಿದ ಕೋರ್ಸು ಹದಿನೇಳು, ಮುಗಿಸಿದ್ದು ಸೊನ್ನೆ — ಟ್ಯಾಬ್ ನಾಚಿಕೆಯಿಲ್ಲದೆ ತೋರಿಸುತ್ತದೆ. ಎಲ್ಲವೂ ಆನ್‌ಲೈನ್, ಪುಕ್ಕಟೆ, ಹಾಗಾಗಿ ಬಿಡುವುದೂ ಸಲೀಸು. ಪಾಠ ಎಂದರೆ ಇಷ್ಟ. ಕೊನೆಯ ಪರೀಕ್ಷೆ ಎಂದರೆ ಭಯ. ನಲವತ್ತೇಳು ವರ್ಷದ ಹೆಂಗಸಿಗೆ!

"ಇವತ್ತು ಯಾವ ಲೋಕದಲ್ಲಿದ್ದೀಯಾ?" ಇವರು ಮಂಚದಿಂದಲೇ ಕೇಳಿದರು. ಬೆನ್ನುನೋವಿನಿಂದ ಬಸ್ಸಿನ ಸ್ಟಿಯರಿಂಗ್ ಬಿಟ್ಟು ಎರಡು ತಿಂಗಳು. ಬಾಯಿಗೆ ಮಾತ್ರ ರಜೆಯಿಲ್ಲ.

ಮಾರ್ಚ್ 5, ಊಟದ ಬಿಡುವು

ಆಸ್ಪತ್ರೆಯ ನೆಲಮಾಳಿಗೆ, ನಮ್ಮ ಲಾಂಡ್ರಿ. ಡ್ರೈಯರ್ ಗುಡುಗುಡು ಎನ್ನುತ್ತಿದೆ, ಅಕ್ಷರವೂ ಕುಣಿಯುತ್ತಿದೆ. ಮ್ಯಾನೇಜರ್ ಬಂದಿದ್ದರು. ಸೂಪರ್‌ವೈಸರ್ ಈ ತಿಂಗಳ ಕೊನೆಗೆ ನಿವೃತ್ತಿ. ಆ ಜಾಗ ನಮ್ಮಲ್ಲೇ ಒಬ್ಬರಿಗೆ. ಆದರೆ ಸೋಂಕು ತಡೆಯ ಕೋರ್ಸ್ ಪಾಸಾಗಿರಬೇಕು, ಇಪ್ಪತ್ತೈದನೇ ತಾರೀಖಿನೊಳಗೆ. ಇಲ್ಲದಿದ್ದರೆ ಹೊರಗಿನವರು ಬರುತ್ತಾರೆ. ಕೋರ್ಸ್ ಇರುವುದು ನಾನು ದಿನಾ ಅಲೆಯುವ ವೆಬ್‌ಸೈಟಿನಲ್ಲೇ.

"ನೀನೇ ಮಾಡು ಕಣೇ," ಅಂದರು ಇಸ್ತ್ರಿ ಅಕ್ಕ. ದೊಡ್ಡ ರೋಲರಿನಲ್ಲಿ ಬೆಡ್‌ಶೀಟ್ ಇಸ್ತ್ರಿ ಮಾಡುವವರು, ನಮ್ಮೆಲ್ಲರಿಗಿಂತ ಹಿರಿಯರು. "ನಮಗ್ಯಾರಿಗೂ ನಿನ್ನಷ್ಟು ಓದೋ ಹುಚ್ಚಿಲ್ಲ."

ಹನ್ನೊಂದು ವರ್ಷ ವಾರ್ಡುಗಳ ಕೊಳೆ ಬಟ್ಟೆ ವಿಂಗಡಿಸಿದ್ದೇನೆ. ಆ ಜಾಗ ಬೇಕು. ಯಾರೂ ಓದುವುದಿಲ್ಲವಲ್ಲ, ಬರೆದೇ ಬಿಡುತ್ತೇನೆ... ತುಂಬಾ ಬೇಕು.

ಮಾರ್ಚ್ 6

ಆರು ಪಾಠ. ಇಪ್ಪತ್ತು ಪ್ರಶ್ನೆ, ಹದಿನಾರು ಸರಿಯಿರಬೇಕು. ಪರೀಕ್ಷೆಗೆ ಮೂರೇ ಅವಕಾಶ. ಮೂರೂ ಹೋದರೆ ಎರಡು ತಿಂಗಳು ಬಾಗಿಲು ಬಂದ್.

ಮಾರ್ಚ್ 15, ಸಂಜೆ

ಪಾಠ ಆರೂ ನಿನ್ನೆಯೇ ಮುಗಿದವು. ಪರೀಕ್ಷೆಯ ಬಟನ್ ಹಸಿರಾಗಿದೆ. ಅದನ್ನು ನೋಡಿ ಎದ್ದುಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆಮೇಲೆ ಮಣ್ಣಿನ ಮಡಕೆ ಮಾಡುವ ಕೋರ್ಸಿಗೆ ಸೇರಿದೆ. ಹದಿನೆಂಟು... ಅಲ್ಲ, ಇದು ಹತ್ತೊಂಬತ್ತನೆಯದು.

"ಪರೀಕ್ಷೆ ಯಾವಾಗ?"

"ನಾಳೆ."

"ಈ ನಾಳೆ ನಿನ್ನೆಯಿಂದ ನಡೀತಿದೆ."

ಮೈ ಉರಿಯಿತು. ಸರಿಯಾಗೇ ಹೇಳಿದ್ದರು, ಅದಕ್ಕೇ.

ಮಾರ್ಚ್ 20, ಸಂಜೆ 6.15

ಕೊನೆಗೂ ಹಸಿರು ಬಟನ್ ಒತ್ತಿದೆ. ಪರದೆಯ ಮೇಲೆ — ಉಳಿದಿರುವ ಅವಕಾಶ: ಒಂದು.

"ರೀ, ನೀವೇನಾದ್ರೂ ಇದನ್ನ ಮುಟ್ಟಿದ್ರಾ?"

ಇವರು ಗೋಡೆ ನೋಡಿದರು. "ನೀನು ಕೂರೋದೇ ಇಲ್ಲ ಅನ್ನಿಸ್ತು. ನಾನೂ ಮನೇಲಿ ಸುಮ್ನೆ ಬಿದ್ದಿದ್ದೀನಿ. ಬರೆದು ಮುಗಿಸಿಬಿಟ್ರೆ ನಿನಗೊಂದು ತಲೆನೋವು ಕಳೆಯುತ್ತೆ ಅಂತ..."

"ಎರಡು ಸಲ!"

"ಮೊದಲ ಸಲ ಫೇಲ್ ಆಯ್ತಲ್ಲ, ಅದಕ್ಕೆ."

ಮೊದಲ ಸಲ ಇಪ್ಪತ್ತಕ್ಕೆ ಹನ್ನೊಂದು. ಆಮೇಲೆ ಹನ್ನೆರಡು. ಮನೆಗೆ ಒಂದೇ ಟ್ಯಾಬ್, ಅದಕ್ಕೆ ಪಾಸ್‌ವರ್ಡ್ ಯಾಕೆ ಎಂದಿದ್ದವಳು ನಾನೇ. ಬಾಯಿಗೆ ಬಂದದ್ದೆಲ್ಲ ಅಂದೆ. ಬಸ್ಸು ಬಿಟ್ಟು ಮನೆಯಲ್ಲಿ ಕೂತಿರುವ ವಿಷಯವನ್ನೂ ಎತ್ತಿದೆ. ಎತ್ತಬಾರದಿತ್ತು.

ಮಾರ್ಚ್ 23, ಮಧ್ಯಾಹ್ನ, ರಜೆ

ಮೂರು ದಿನದಿಂದ ಮಾತಿಲ್ಲ. ಬರೆಯುವ ಮನಸ್ಸೂ ಇರಲಿಲ್ಲ.

ಇವತ್ತು ಇವರು ಒತ್ತಿದ ಉತ್ತರಗಳನ್ನು ತೆಗೆದು ನೋಡಿದೆ. ತಪ್ಪಿದ್ದಕ್ಕೆಲ್ಲ ಕೆಂಪು ಗುರುತು. ಗ್ಲೌಸ್ ಇಲ್ಲದಿದ್ದರೆ? "ಬರಿಗೈಯಲ್ಲಿ ಎಚ್ಚರದಿಂದ ಮುಂದುವರಿಸುವುದು." ಕೊಳೆ ಬಟ್ಟೆಯ ಚೀಲ ಒಯ್ಯುವುದು ಹೇಗೆ? "ಎದೆಗೆ ಒತ್ತಿ ಹಿಡಿದು." ಬಟ್ಟೆಯೊಳಗಿನ ಸೂಜಿ ಚುಚ್ಚಿದರೆ? "ತೊಳೆದುಕೊಂಡು ಕೆಲಸಕ್ಕೆ ಮರಳುವುದು." ಎರಡನೆಯ ಸಲವೂ ಪಟ್ಟು ಬಿಡದೆ ಅವನ್ನೇ ಒತ್ತಿದ್ದಾರೆ.

ಇದೆಲ್ಲ ನಾನು. ಸಂಜೆ ಬಂದು ಚಪ್ಪಲಿ ಬಿಡುತ್ತಾ ಬಡಬಡಿಸುತ್ತೇನೆ, ಇವರು ಟಿವಿ ನೋಡುತ್ತಿರುತ್ತಾರೆ. ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ಸೂಜಿ ಚುಚ್ಚಿದ್ದು ಹೋದ ವರ್ಷ. ಅದೂ ನೆನಪಿದೆ ಇವರಿಗೆ.

ಟ್ಯಾಬ್ ತೋರಿಸಿದೆ. "ನೀನು ಮಾಡೋದನ್ನೇ ಒತ್ತಿದ್ದು ಕಣೇ," ಅಂದರು. "ಹನ್ನೊಂದು ವರ್ಷದಿಂದ ಹಾಗೇ ಮಾಡ್ತಿದ್ದೀಯ. ತಪ್ಪು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅಳು ಬಂತು. ಇವರ ಮುಂದೆಯೇ ಅತ್ತುಬಿಟ್ಟೆ. ಪಾಠದಲ್ಲಿ ಕೇಳಿದ್ದೆ, ಸರಿ ಉತ್ತರ ನನಗೆ ಗೊತ್ತು. ಮರುದಿನ ಹೋಗಿ ಬರಿಗೈಯಲ್ಲೇ ವಿಂಗಡಿಸಿದ್ದೂ ನಾನೇ.

ಮಾರ್ಚ್ 24, ಬೆಳಗಿನ ಜಾವ 4.50

ಬರೆದೆ. ಇವರು ಬಾಗಿಲಾಚೆ ನಿಂತು ಕೆಮ್ಮುತ್ತಲೇ ಇದ್ದರು. ಹದಿನೆಂಟು! ಪಾಸ್! ಬೆನ್ನು ಮರೆತು ನನ್ನನ್ನು ಎತ್ತಲು ಬಂದರು, "ಅಯ್ಯೋ" ಎಂದು ಅಲ್ಲೇ ಕೂತರು. ಇಬ್ಬರೂ ನಕ್ಕು ನಕ್ಕು ಸಾಕಾಯಿತು.

ಆದರೂ ಮನಸ್ಸು ನಿಲ್ಲುತ್ತಿಲ್ಲ. ಯಾಕೋ.

ಏಪ್ರಿಲ್ 2, ಬೆಳಿಗ್ಗೆ 8.10

ಸೂಪರ್‌ವೈಸರ್ ಕುರ್ಚಿ. ಬೀಗದ ಕೈ ಗೊಂಚಲು. ಗ್ಲೌಸಿನ ಡಬ್ಬಿ ಖಾಲಿ. ಸ್ಟೋರಿಗೆ ಫೋನ್ ಮಾಡಿದರೆ — "ನಾಳಿದ್ದು ಬರುತ್ತೆ, ಹೇಗೋ ಸುಧಾರಿಸಿ ಮೇಡಂ." ಮೇಡಂ ಅಂತೆ.

ಮೇಲಿನಿಂದ ಹದಿನಾರು ಚೀಲ ಇಳಿಯಿತು. ಎಲ್ಲರೂ ಎಂದಿನಂತೆ ಬರಿಗೈ ಚಾಚಿದರು.

"ಯಾರೂ ಮುಟ್ಟಬೇಡಿ," ಅಂದೆ.

"ಮೊದಲ ದಿನವೇ ತಮಾಷೆನಾ?" ಇಸ್ತ್ರಿ ಅಕ್ಕ ನಕ್ಕರು.

"ತಮಾಷೆ ಅಲ್ಲ ಅಕ್ಕ. ಗ್ಲೌಸ್ ಬರೋವರೆಗೂ ಕೆಲಸ ಇಲ್ಲ."

8.35

ಮೆಷಿನ್ ಎಲ್ಲಾ ನಿಂತಿವೆ. ಆಪರೇಷನ್ ಥಿಯೇಟರಿನಿಂದ ಎರಡು ಸಲ ಫೋನ್. ತೊಳೆದಿಟ್ಟ ಶೀಟು ಮಧ್ಯಾಹ್ನದವರೆಗೆ ಸಾಕು, ಆಮೇಲೆ ಇಲ್ಲ. ನಾನು ಮಾಡುತ್ತಿರುವುದು ಸರಿಯಾ? ಪರೀಕ್ಷೆಯಲ್ಲಿ ಸರಿ. ಇಲ್ಲಿ? ಕುರ್ಚಿ ಇವತ್ತೇ ಹೋದರೂ ಹೋಯಿತು. ಸುಮ್ಮನೆ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

8.50

ಮೆಟ್ಟಿಲಿನಿಂದಲೇ ಮ್ಯಾನೇಜರ್ ಕೂಗು — "ಯಾರು ನಿಲ್ಲಿಸಿದ್ದು?" ಇಸ್ತ್ರಿ ಅಕ್ಕ ಕೈಕಟ್ಟಿಕೊಂಡು ಬಂದು ನನ್ನ ಪಕ್ಕ ನಿಂತರು. ಒಬ್ಬೊಬ್ಬರಾಗಿ ಉಳಿದವರೂ ಬರುತ್ತಿದ್ದಾರೆ. ನಾನೇ ನಿಲ್ಲಿಸಿದ್ದು ಅಂತ ಎದ್ದು ಹೇಳಲು ಡೈರಿ ಮುಚ್ಚುತ್ತಿದ್ದೇನೆ.