ಕತ್ತರಿಯ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ

ಲಾಸ್ ಏಂಜಲಿಸ್
೭ ಅಕ್ಟೋಬರ್ ೧೯೭೪, ಸೋಮವಾರ

ನನ್ನಕ್ಕ ಓಡೆಲಾಗೆ, ತಮ್ಮ ಥರ್ಮನ್‌ನ ಅಪ್ಪುಗೆ.

ಕೈ ಹೇಗಿದೆ? ಲಾಂಡ್ರಿಯ ಸೋಡಾಖಾರದ ನೀರು ತಿಂದ ಬೆರಳು ಚಳಿಗೆ ಮಡಚೋಕಾಗಲ್ಲ ಅಂದಿದ್ದೆಯಲ್ಲ. ಮುಲಾಮು ಕಳಿಸಿದ್ದೇನೆ, ನೀನೇ ಹಚ್ಚಿಕೋ, ಚರ್ಚಿನ ಹೆಂಗಸರಿಗೆಲ್ಲ ಹಂಚಿಬಿಡಬೇಡ. ನಾನು ಬದುಕಿದ್ದೇನೆ, ಅಷ್ಟೇ.

ಹತ್ತೊಂಬತ್ತು ವರ್ಷ ಬಿಳಿಯರ ಚಿತ್ರಗಳಲ್ಲಿ ಕರಿಯ ಆಳಾಗಿ ಬಾಗಿಲು ತೆಗೆದೆ, ಕೋಟು ಹಿಡಿದೆ, ಮೊದಲ ಗುಂಡಿಗೆ ಸತ್ತೆ. “ಏನಪ್ಪಾ ಸ್ಟಾರು, ಈ ಸಲ ಯಾರ ಮನೆ ಬಾಗಿಲು ತೆಗೆದೆ? ಒಳಗೆ ಕೂತು ಉಂಡೆಯೇನೋ?” ಅಂತ ಫೋನಿನಲ್ಲಿ ಚುಚ್ಚುತ್ತಿದ್ದೆಯಲ್ಲ, ಆ ಚುಚ್ಚುಮಾತಿಗೇ ನಾನು ನಿರ್ದೇಶಕನಾದದ್ದು. ನಿನ್ನ ಕಥೆಯನ್ನೇ ತೆಗೆದೆ. ಐವತ್ತೆರಡರಲ್ಲಿ ನೀನು ನಲವತ್ತು ಹೆಂಗಸರನ್ನು ಇಸ್ತ್ರಿಮೇಜು ಬಿಡಿಸಿ ಮುಷ್ಕರಕ್ಕೆ ಮಿಸಿಸಿಪ್ಪಿಯ ಬೀದಿಗೆ ತಂದದ್ದು, ನೀವೆಲ್ಲ ಸೇರಿದ್ದ ಚರ್ಚಿಗೆ ಪೊಲೀಸರು ನುಗ್ಗಿ ಬಡಿದದ್ದು, ನಿನ್ನ ಪಕ್ಕದ ಮೇಜಿನ ವರ್ನೆಟಾಳ ಗಂಡ ಆ ಏಟಿಗೆ ಸತ್ತದ್ದು, ಮರುದಿನ ನೀನೊಬ್ಬಳೇ ಲಾಂಡ್ರಿ ಯಜಮಾನನ ಮನೆಗೆ ಹೋಗಿ ಅವನ ಮೇಜಿನ ಮೇಲೆ ಸತ್ತವನ ರಕ್ತದ ಅಂಗಿ ಎಸೆದದ್ದು.

ಸ್ಟುಡಿಯೋದವರು ಅದನ್ನು ಮತ್ತೆ ಕತ್ತರಿಸಿ ಜೋಡಿಸಿದ್ದಾರೆ. ಅಂಗಿ ಹೋಯಿತು. ನೀನು ಯಜಮಾನನ ಮೆಟ್ಟಿಲು ಹತ್ತುವುದು ಈಗ ಮೊದಲು ಬರುತ್ತದೆ, ಪೊಲೀಸರು ಆಮೇಲೆ. ಒಂದು ಮಾತೂ ಬದಲಾಗಿಲ್ಲ, ಆದರೆ ನೋಡಿದವರಿಗೆಲ್ಲ ಪೊಲೀಸರನ್ನು ಕರೆಸಿದ ಚಾಡಿಕೋರಿ ನೀನೇ! ನಾನು ಹೋಗಿ ಕೂಗಾಡಿದೆ. ಅಲ್ಲಿನ ದೊಡ್ಡ ಮನುಷ್ಯ ನಕ್ಕ: “ಹೋರಾಟ ಅಂದ್ರೆ ಯಾರಯ್ಯಾ ಟಿಕೆಟ್ ತಗೋತಾರೆ? ದ್ರೋಹ ಅಂದ್ರೆ ಓಡಿ ಬರ್ತಾರೆ. ಕಡೇ ಕತ್ತರಿ ನಮ್ಮದು ಅಂತ ಕರಾರಿಗೆ ನೀನೇ ಸಹಿ ಹಾಕಿದೀಯಲ್ಲ!”

ಹಾಕಿದ್ದೆ, ಅಕ್ಕಾ. ನಟರ ಹಾಳು ಚಾಳಿ. ಸ್ಕ್ರಿಪ್ಟ್ ಕೈಗೆ ಬಂದರೆ ನಮ್ಮ ಮಾತಿರುವ ಸಾಲಿಗೆ ಕೆಂಪು ಗೆರೆ ಎಳೆದು ಅಷ್ಟನ್ನೇ ಓದುತ್ತೇವೆ. ನನಗೆ ಇರುತ್ತಿದ್ದದ್ದೇ ಎರಡು ಸಾಲು. ಕರಾರನ್ನೂ ಹಾಗೇ ಓದಿದೆ, ಥರ್ಮನ್ ಅಂತ ಇದ್ದಲ್ಲೆಲ್ಲ ಗೆರೆ. ಕತ್ತರಿಯ ಸಾಲಿನಲ್ಲಿ ನನ್ನ ಹೆಸರೇ ಇರಲಿಲ್ಲ. ನಮ್ಮನ್ನು ಬಡಿದವರ ಕೈಗೇ ನಮ್ಮ ಕಥೆಯ ಕತ್ತರಿಯನ್ನೂ ಕೊಟ್ಟ ಮೂರ್ಖ ನಾನು. ಅವರನ್ನು ಬೈಯಲು ಬಾಯಿ ತೆಗೆದರೆ ನನ್ನ ಸಹಿಯೇ ಗಂಟಲಿಗೆ ಸಿಕ್ಕುತ್ತದೆ.

ದೇವರನ್ನು ನಂಬುವವಳು ನೀನು, ನಿನ್ನ ಪಾಲಿಗಾದರೂ ಅವನಿರಲಿ.

ನಿನ್ನ ತಮ್ಮ,
ಥರ್ಮನ್

ಮರೆತೆ: ಚಿತ್ರದಿಂದ ನನ್ನ ಹೆಸರು ತೆಗೆಸಲು ಇವತ್ತು ಕಡೇ ದಿನ. ಕೇಳಿದರೆ ನಮ್ಮ ನಿರ್ದೇಶಕರ ಸಂಘ ಅಲ್ಲಿ ಯಾವುದೋ ಸುಳ್ಳು ಹೆಸರು ಹಾಕಿಸುತ್ತದೆ. ನಾನು ತೆಗೆಸೋಲ್ಲ. ಇಲ್ಲದವನ ಕೊರಳಪಟ್ಟಿಯನ್ನು ಜನ ಹೇಗೆ ಹಿಡಿಯಬೇಕು? ಮುಂದಿನ ಶುಕ್ರವಾರ ಚಿತ್ರ ನಮ್ಮೂರ ಟಾಕೀಸಿಗೆ ಬರುತ್ತದೆ, ವರ್ನೆಟಾ ಆಗಲೇ ಟಿಕೆಟ್ ತಗೊಂಡಿದ್ದಾಳಂತೆ. ಅವಳು ನೋಡುವ ಮುಂಚೆ ಹೋಗಿ ಈ ಕತ್ತರಿಯ ವಿಷಯ ಹೇಳು. ನಂಬದಿದ್ದರೆ ಈ ಕಾಗದ ಕೊಡು. ಇದನ್ನೂ ನಂಬದಿದ್ದರೆ, ಅಕ್ಕಾ, ಅದನ್ನು ನನಗೆ ಬರೆಯಬೇಡ.