ಗಿರಗಿಟ್ಲೆ ಚಿತ್ರಶಾಲೆಯ ಎಮ್ಮೆ

ಗದಗ-ಬೆಟಗೇರಿ
ಫೆಬ್ರುವರಿ ೩೦, ೨೧೬೧

ಗಿರಗಿಟ್ಲೆ ಚಿತ್ರಶಾಲೆಯ ಸ್ಥಾಪಕಿ ಶ್ರೀಮತಿ ಇಂದುಮತಿ ಹುಲಕೋಟಿ ಅವರಿಗೆ, ಅದೇ ಚಿತ್ರಶಾಲೆಯ ಹಿರಿಯ ಕೆಲಸಗಾರ್ತಿಯಾದ ಅಂಬವ್ವ ಸೊರಟೂರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಬರೆದವಳ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಒಟ್ಟುಗೂಡಿಸಿ ‘ಬಿಡುದಿನ’ ಎನ್ನುತ್ತೇವೆ. ಬಿಡುದಿನಗಳಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗಬಾರದೆಂದು ಕಾನೂನಿದೆ. ಹಾಗಾಗಿ ಜನ ತಮ್ಮ ಜಗಳಗಳನ್ನೆಲ್ಲ ಅವಸರ ಮಾಡಿ ಮೊದಲೇ ಮುಗಿಸಿಕೊಳ್ಳುತ್ತಾರೆ. ಈ ಪತ್ರ ನಿಮಗೆ ತಲುಪುವುದು ಹಿಂದಂಚೆಯಲ್ಲಿ. ಅರವತ್ತು ದಾಟಿದ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಂದೇ ಒಂದು ಸಲ, ಕಳೆದುಹೋದ ಕಾಲದ ಯಾರಿಗಾದರೂ ಬರೆಯಬಹುದು. ಪತ್ರ ತಲುಪಿಲ್ಲವೆಂಬ ಒಂದು ದೂರೂ ಇದುವರೆಗೆ ಬಂದಿಲ್ಲವಾದ್ದರಿಂದ ಸೇವೆ ತೃಪ್ತಿಕರವಾಗಿದೆ ಎಂದು ಅಂಚೆಯವರು ಹೇಳುತ್ತಾರೆ. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಪುಸ್ತಕ ನೋಡಿ ಕಲಿತವಳು. ಎಲ್ಲಾದರೂ ಎಡವಿದ್ದರೆ ಕ್ಷಮಿಸಿ. ಗದಗಿನ ಬಾಯಿಮಾತು ಮಾತ್ರ ಇದ್ದ ಹಾಗೆಯೇ ಇದೆ. ಅದನ್ನು ಬದಲಾಯಿಸಲು ಬಂದವರೇ ಬದಲಾಗಿ ಹೋದರು.

ಮೊದಲು ನಿಮ್ಮ ಚಿತ್ರಶಾಲೆಯ ಕ್ಷೇಮ ಸಮಾಚಾರ. ಬಾಗಿಲು ಮುಚ್ಚಿದ ಮುದ್ರಣಾಲಯವೊಂದರಲ್ಲಿ ನೀವು ಮೂರು ಕಂಪ್ಯೂಟರ್ ಇಟ್ಟುಕೊಂಡು ಆರಂಭಿಸಿದಿರಿ. ಮದುವೆ ವಿಡಿಯೋಗಳಿಗೆ ವಧೂವರರ ಹೆಸರು ಗಿರಗಿರ ತಿರುಗಿಸಿಕೊಟ್ಟಿರಿ. ಊರಿನ ಹಲ್ಲಿನ ಡಾಕ್ಟರಿಗಾಗಿ ಕುಣಿಯುವ ದವಡೆಹಲ್ಲು ಮಾಡಿಕೊಟ್ಟಿರಿ. ಇವೆಲ್ಲ ನಮ್ಮ ಹಜಾರದ ಗೋಡೆಯ ಮೇಲೆ ಬರೆದಿದೆ. ಆ ದವಡೆಹಲ್ಲು ಕಣ್ಣು ಮಿಟುಕಿಸುವ ರೀತಿ ನೋಡಲು ಈಗಲೂ ಶಾಲೆಯ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ನಿಮ್ಮ ನಂತರದ ಐವತ್ತು ವರ್ಷಗಳಲ್ಲಿ ಇಲ್ಲಿ ನಾನೂರು ಜನ ಕೆಲಸಕ್ಕಿದ್ದರಂತೆ. ಒಬ್ಬರು ಪಾತ್ರಕ್ಕೆ ಎಲುಬುಗೂಡು ಕಟ್ಟುವವರು, ಒಬ್ಬರು ಚರ್ಮ ತೊಡಿಸುವವರು, ಒಬ್ಬರು ಬೆಳಕು ಬಿಡುವವರು, ಕೂದಲಿಗೇ ಬೇರೆ ಇಲಾಖೆ. ಆಮೇಲೆ ‘ಬಾಯ್ಬಿಡಿಸು’ ಬಂತು. ಬಾಯಲ್ಲಿ ಹೇಳಿದ್ದನ್ನು ಬಿಡಿಸಿ, ಕುಣಿಸಿ, ಬಣ್ಣ ಹಚ್ಚಿ ಕೊಡುವ ಯಂತ್ರವದು. ನಾನೂರು ಜನ ನಲವತ್ತಾದರು, ನಲವತ್ತು ಒಂಬತ್ತಾಯಿತು. ನಮ್ಮ ಒಂಬತ್ತು ಮಂದಿಯ ಹುದ್ದೆಯ ಹೆಸರು ‘ಹೂಂಗಾರ’. ಯಂತ್ರ ಚಿತ್ರ ಮಾಡಿ ತೋರಿಸುತ್ತದೆ, ನಾವು ಕುಳಿತು ‘ಹೂಂ’ ಅನ್ನಬೇಕು. ನಲವತ್ತೊಂದು ವರ್ಷ ನಾನು ‘ಹೂಂ’ ಅಂದಿದ್ದೇನೆ. ಒಮ್ಮೆ ಮಾತ್ರ ‘ಊಹೂಂ’ ಅಂದೆ. ಯಂತ್ರಕ್ಕೆ ಅದು ಕೆಮ್ಮಿನ ಹಾಗೆ ಕೇಳಿಸಿ, ನನಗೆ ಶುಂಠಿ ಕಷಾಯ ಕಳಿಸಿಕೊಟ್ಟಿತು.

ಹೀಗಿರುವಾಗ ಹೋದ ವರ್ಷ ಕೈಗೆಲಸ ಪರೀಕ್ಷಾ ಮಂಡಳಿಯಿಂದ ನೋಟಿಸ್ ಬಂತು. ನಮ್ಮ ಬಾಗಿಲ ಮೇಲೆ ‘ಕೈಗೆಲಸದ ಚಿತ್ರಶಾಲೆ’ ಎಂಬ ಮುದ್ರೆಯಿದೆ. ಅದು ನಿಜವೆಂದು ನಲವತ್ತು ದಿನಗಳಲ್ಲಿ ತೋರಿಸಿಕೊಡಬೇಕು. ನೌಕರರಲ್ಲಿ ಒಬ್ಬರು ‘ಬಾಯ್ಬಿಡಿಸು’ ಯಂತ್ರದ ನೆರವಿಲ್ಲದೆ, ಅದರ ಚಿತ್ರಗಳನ್ನೂ ನೋಡದೆ, ಒಂದು ಪ್ರಾಣಿಯನ್ನು ಪರದೆಯ ಮೇಲೆ ಹತ್ತು ಸೆಕೆಂಡು ನಡೆಸಬೇಕು. ಆಗದಿದ್ದರೆ ಚಿತ್ರಶಾಲೆ ಮುಚ್ಚಿ, ಕಟ್ಟಡವನ್ನು ಗಾಳಿಗೋದಾಮಿಗೆ ಕೊಡಲಾಗುವುದು. ಗದಗಿನ ಗಾಳಿಯನ್ನು ನಾವೀಗ ಹಿಡಿದು ಶೇಖರಿಸಿ ಬೇರೆ ಜಿಲ್ಲೆಗಳಿಗೆ ಕಳಿಸುತ್ತೇವೆ. ನಮ್ಮಲ್ಲಿ ಅದಕ್ಕೆ ಬರವಿಲ್ಲವೆಂದು ನಿಮಗೂ ಗೊತ್ತು.

ಒಂಬತ್ತು ಮಂದಿಯೂ ಮುಖ ಮುಖ ನೋಡಿಕೊಂಡೆವು. ಒಬ್ಬರಿಗೂ ಕೆಲಸ ಬರುತ್ತಿರಲಿಲ್ಲ. ಹಿರಿಯಳೆಂದು ಎಲ್ಲರೂ ನನ್ನತ್ತ ತಿರುಗಿದರು, ನಾನು ಅಭ್ಯಾಸಬಲದಿಂದ ‘ಹೂಂ’ ಅಂದುಬಿಟ್ಟೆ.

ಗಾಜಿನ ಪೆಟ್ಟಿಗೆಯಲ್ಲಿದ್ದ ನಿಮ್ಮ ಹಳೆಯ ಕಂಪ್ಯೂಟರನ್ನು ಹೊರತೆಗೆದೆವು. ಮೌಸ್ ಎಂಬ ಸಾಧನವನ್ನು ಮೂರು ದಿನ ತಲೆಕೆಳಗಾಗಿ ಹಿಡಿದಿದ್ದೆ. ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ, ಹತ್ತು ಸೆಕೆಂಡಿಗೆ ಇನ್ನೂರ ನಲವತ್ತು. ಒಂದೊಂದರಲ್ಲೂ ಪ್ರಾಣಿಯ ಎಲುಬುಗೂಡಿನ ಕೀಲುಗಳನ್ನು ಕೈಯಿಂದಲೇ ಕೂದಲೆಳೆಯಷ್ಟು ಸರಿಸಬೇಕು. ಇದನ್ನೆಲ್ಲ ನಿಮಗೆ ಹೇಳುವುದು ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಂತೆ. ನನ್ನ ಕಷ್ಟವೇ ಬೇರೆ. ಯಾವ ಪ್ರಾಣಿಯನ್ನಾದರೂ ಸರಿಯಾಗಿ ನೋಡಿದ್ದರಲ್ಲವೇ ನಡೆಸುವುದು? ನಮ್ಮಲ್ಲಿ ಹಾಲು ಗೋಡೆಯ ನಲ್ಲಿಯಲ್ಲಿ ಬರುತ್ತದೆ. ಬೆಟಗೇರಿಯಲ್ಲಿ ಒಂದೇ ಒಂದು ಎಮ್ಮೆ ಉಳಿದಿದೆ. ಅದರ ಒಡತಿ ಹುಸೇನಬಿ, ವಯಸ್ಸು ಎಪ್ಪತ್ತಾರು, ನಾಲಿಗೆಗೆ ಇಪ್ಪತ್ತು. ಎಮ್ಮೆಯ ಹೆಸರು ಬಿಜಲಿ, ಅಂದರೆ ಮಿಂಚು. ಆ ಹೆಸರಿಟ್ಟಾಗ ಹುಸೇನಬಿಗೆ ಯಾರ ಮೇಲೆ ಸಿಟ್ಟಿತ್ತೋ ತಿಳಿಯದು. ಬಿಜಲಿ ಬಾಲ ಬೀಸಲು ನಿರ್ಧರಿಸಿ ಬೀಸುವಷ್ಟರಲ್ಲಿ ನೊಣ ಊಟ ಮುಗಿಸಿ ಹೋಗಿರುತ್ತದೆ.

ನಾನು ಹೋಗಿ ನನ್ನ ಕೆಲಸ ವಿವರಿಸಿದೆ. ಹುಸೇನಬಿ ಕೇಳಿಸಿಕೊಂಡು, “ಎಮ್ಮಿ ನಡಿಯೂದು ನೋಡಾಕ ಬಂದೀಯೇನ್ ಯವ್ವಾ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?” ಎಂದಳು. ಆದರೆ ಬೇಡ ಅನ್ನಲಿಲ್ಲ. ದಿನವೂ ಬೆಳಿಗ್ಗೆ ಅವಳು ಹಗ್ಗ ಹಿಡಿದು ಮುಂದೆ, ನಡುವೆ ಬಿಜಲಿ, ಹಿಂದೆ ಪುಸ್ತಕ-ಪೆನ್ಸಿಲ್ ಹಿಡಿದ ನಾನು, ಹೀಗೆ ಕೆರೆಯತನಕ ಮೆರವಣಿಗೆ. ಮೊದಮೊದಲು ನನಗೆ ಕಂಡದ್ದು ಒಂದು ದೊಡ್ಡ ಕರಿ ಬೆನ್ನು ಮಾತ್ರ. ವಾರ ಕಳೆದ ಮೇಲೆ ಸೊಂಟ ಕಂಡಿತು, ಅದು ಯಾವ ಕಾಲಿನ ಮೇಲೆ ಭಾರ ಬಿದ್ದರೆ ಯಾವ ಕಡೆ ಇಳಿಯುತ್ತದೆ ಎಂಬುದು ಕಂಡಿತು. ಎರಡು ವಾರಕ್ಕೆ ಗೊರಸು ನೆಲ ಮುಟ್ಟುವ ಮುನ್ನ ಕ್ಷಣಮಾತ್ರ ಅನುಮಾನಿಸುವುದು ಕಂಡಿತು. ನಡುನಡುವೆ ನಿಂತು ಬಿಜಲಿಯದೇ ನಡಿಗೆ ನಡೆದು ನೋಡುತ್ತಿದ್ದೆ. ದಾರಿಯ ಜನ ತಮ್ಮ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನನಗೆ ಲಕ್ಷ್ಯವಿರಲಿಲ್ಲ. ನಲವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಊಟದ ಹೊತ್ತು ಮರೆತಿದ್ದೆ.

ಪರೀಕ್ಷೆಯ ದಿನ ಮಂಡಳಿಯ ಪರಿಶೀಲಕ ಗುಣವಂತ ಉಪಾಧ್ಯೆ ಎಂಬವರು ಬಂದರು. ಮಾತು ಕಡಿಮೆ, ಇಸ್ತ್ರಿ ಹೆಚ್ಚು. ಅವರ ಕೈಯಲ್ಲಿ ಸಾಮ್ಯಮಾಪಕವಿತ್ತು: ತೋರಿಸಿದ್ದು ಅಸಲಿ ಪ್ರಾಣಿಗೆ ಶೇಕಡಾ ಎಷ್ಟು ಹೋಲುತ್ತದೆಂದು ಹೇಳುವ ಸಲಕರಣೆ. ತೊಂಬತ್ತು ಬಂದರೆ ಪಾಸು. ಹುಸೇನಬಿಯನ್ನೂ ಕರೆದಿದ್ದೆ, ಮುಂದಿನ ಸಾಲಿನಲ್ಲಿ ಕಾಲು ಮಡಚಿ ಕುಳಿತಿದ್ದಳು. ದೀಪ ಆರಿಸಿದೆವು. ಪರದೆಯ ಮೇಲೆ ನನ್ನ ಎಮ್ಮೆ ಎಡದಿಂದ ಬಲಕ್ಕೆ ಹತ್ತು ಸೆಕೆಂಡು ನಡೆಯಿತು.

ಸಾಮ್ಯಮಾಪಕ ಹೆಣ್ಣುದನಿಯಲ್ಲಿ ಹೇಳಿತು: “ಎಪ್ಪತ್ತೊಂದು. ಎಡ ಹಿಂಗಾಲು ಪ್ರತಿ ಹೆಜ್ಜೆಗೂ ಎರಡು ಚಿತ್ರದಷ್ಟು ತಡ. ಎಮ್ಮೆಗಳು ಹೀಗೆ ನಡೆಯುವುದಿಲ್ಲ.”

ಎರಡು ಚಿತ್ರವೆಂದರೆ ಒಂದು ಸೆಕೆಂಡಿನ ಹನ್ನೆರಡರಲ್ಲೊಂದು ಭಾಗ. ಅಷ್ಟಕ್ಕೆ ಒಂಬತ್ತು ಜನರ ಮನೆ, ನಿಮ್ಮ ದವಡೆಹಲ್ಲು, ಎಲ್ಲವೂ ಗಾಳಿಯ ಪಾಲು. ನಾನೇ ಎಲ್ಲೋ ಎಣಿಕೆ ತಪ್ಪಿದೆನೆಂದುಕೊಂಡೆ. ಬೆಳಕಿನ ಕೆಲಸಕ್ಕೆ ‘ಹೂಂ’ ಅನ್ನುವ ನಮ್ಮ ವಿರುಪಣ್ಣ ಗೋಡೆಯತ್ತ ತಿರುಗಿ ಅಳತೊಡಗಿದ. ಉಪಾಧ್ಯೆಯವರು ಲೇಖನಿ ತೆಗೆದರು.

“ಏ ಸಾಹೇಬ, ತಡಿ. ಇನ್ನೊಮ್ಮೆ ತೋರಸ್ರಿ,” ಎಂದಳು ಹುಸೇನಬಿ.

ತೋರಿಸಿದೆವು. ಅವಳು ನಾಲ್ಕು ಸಲ ನೋಡಿದಳು. ಆಮೇಲೆ ಎದ್ದು ಚಪ್ಪಲಿ ಹುಡುಕುತ್ತ ಅಂದಳು: “ಯವ್ವಾ, ಮಾರಿ ಮಾತ ಬಿಡು, ಮುಖ ಕತ್ತೀದ ಇದ್ದಂಗೈತಿ. ನಡಿಗಿ ಮಾತ್ರ ನಮ್ಮ ಬಿಜಲೀದ ಐತಿ. ಅಕೀ ಕಾಲಿಗೆ ಏನೋ ಆಗೇತಿ. ನಾ ಮುಂದ ಹಗ್ಗಾ ಹಿಡಕೊಂಡ ಹೋಗಾಕಿ, ಹಿಂದಿನ ಕಾಲ ನಾ ಎಲ್ಲಿ ನೋಡ್ಲಿ?”

“ಪರಿಶೀಲನೆ ಮುಗಿಯುವವರೆಗೆ ಯಾರೂ ಹೊರಹೋಗುವಂತಿಲ್ಲ,” ಎಂದರು ಉಪಾಧ್ಯೆ.

“ಹಂಗಾದ್ರ ನೀನೂ ಬಾ.”

ನಿಯಮದಲ್ಲಿ ಅದಕ್ಕೆ ಉತ್ತರವಿರಲಿಲ್ಲವೆಂದು ತೋರುತ್ತದೆ, ಅವರು ಬಂದರು. ಬೆಟಗೇರಿಯ ಓಣಿಯಲ್ಲಿ ಹುಸೇನಬಿ ಮುಂದೆ, ಅವಳ ಹಿಂದೆ ಇಸ್ತ್ರಿ ಬಟ್ಟೆಯ ಪರಿಶೀಲಕರು, ಅವರ ಹಿಂದೆ ನಾವು ಒಂಬತ್ತು ಹೂಂಗಾರರು. ಬಿಜಲಿಯನ್ನು ಬಿಚ್ಚಿ ಅಂಗಳದಲ್ಲಿ ನಡೆಸಲಾಯಿತು. ಉಪಾಧ್ಯೆಯವರು, ಕೆಲಸದಲ್ಲಿ ನಿಷ್ಠರು, ಸಾಮ್ಯಮಾಪಕವನ್ನು ಅವಳ ಕಡೆ ಹಿಡಿದರು.

“ಎಪ್ಪತ್ತಮೂರು,” ಎಂದಿತು ಅದು. “ಎಮ್ಮೆಗಳು ಹೀಗೆ ನಡೆಯುವುದಿಲ್ಲ.”

ಹುಸೇನಬಿ ಸೊಂಟದ ಮೇಲೆ ಕೈಯಿಟ್ಟು ಪರಿಶೀಲಕರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಮ್ಮ ಎಮ್ಮಿ ಎಪ್ಪತ್ತಮೂರು ಪರ್ಸೆಂಟ್ ಎಮ್ಮಿ? ನೀ ಎಷ್ಟ ಪರ್ಸೆಂಟ್ ಮನಷ್ಯಾ ಅದೀಯಪಾ? ಅದನ್ನ ನಿನ್ನ ಕಡೆ ಒಂದೀಟ ತಿರುಗಿಸಿ ನೋಡು!”

ಉಪಾಧ್ಯೆಯವರು ತಿರುಗಿಸಲಿಲ್ಲ. ಬದಲು ಅದನ್ನು ಆರಿಸಿ ಜೇಬಿಗಿಟ್ಟು, ಹುಸೇನಬಿ ಹೇಳಿದಂತೆ ಬಿಜಲಿಯ ಕೊಂಬು ಹಿಡಿದು ನಿಂತರು. ವಿರುಪಣ್ಣ ಎಡ ಹಿಂಗಾಲು ಎತ್ತಿ ಹಿಡಿದ. ಗೊರಸಿನ ಸೀಳಿನೊಳಗೆ ಆಳದಲ್ಲಿ ಬೆರಳಿನುಗುರಿನಷ್ಟು ಚೂಪು ಕಲ್ಲು ಸಿಕ್ಕಿಕೊಂಡಿತ್ತು, ಸುತ್ತಲೂ ಕೀವು ಕಟ್ಟಿತ್ತು. ಹುಸೇನಬಿ ಅದನ್ನು ಕಿತ್ತು, ಬಿಸಿನೀರಿನಲ್ಲಿ ತೊಳೆದು, ಅರಿಶಿನ ಮೆತ್ತಿದಳು. ಇನ್ನೊಂದು ವಾರ ಬಿಟ್ಟಿದ್ದರೆ ಕಾಲೇ ಹೋಗುತ್ತಿತ್ತು ಎಂದಳು. ಆಮೇಲೆ ಎಮ್ಮೆಯ ಕುತ್ತಿಗೆಗೆ ಹಣೆ ಒತ್ತಿ, “ಹೇಳೂದಲ್ಲೇನ ನನ್ನವ್ವಾ, ಹೇಳೂದಲ್ಲೇನ” ಎಂದು ಬಹಳ ಹೊತ್ತು ನಿಂತಳು. ಅಷ್ಟು ಗಟ್ಟಿ ಹೆಂಗಸು ಅಳುವುದನ್ನು ನೋಡಲಾಗದೆ ನಾವೆಲ್ಲ ಕಲ್ಲನ್ನೇ ಕೈಯಿಂದ ಕೈಗೆ ದಾಟಿಸಿ ನೋಡಿದೆವು.

ಉಪಾಧ್ಯೆಯವರು ಜಗಲಿಯ ಮೇಲೆ ಕುಳಿತು ವರದಿ ಬರೆದರು. ನಾನು ಅದನ್ನು ಓದಿದ್ದೇನೆ. ‘ಚಿತ್ರ ಸರಿಯಿದೆ. ಮುಖ ಸುಧಾರಿಸಬೇಕು’ ಎಂದಷ್ಟೇ ಇದೆ. ಕೆಳಗೆ ಮುದ್ರೆ. ಅವರ ಬಿಳಿ ಅಂಗಿಯ ಮೇಲೆ ಬಿಜಲಿ ಮೂತಿ ಒರೆಸಿದ್ದಳು. ಅದನ್ನು ಅವರು ಒರೆಸಿಕೊಳ್ಳಲೂ ಇಲ್ಲ.

ಅಂದಿನಿಂದ ಒಂಬತ್ತು ಮಂದಿಯೂ ಸರದಿಯಂತೆ ನಿಮ್ಮ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೇವೆ. ವಿರುಪಣ್ಣ ಕೋಳಿ ನಡೆಸುತ್ತಿದ್ದಾನೆ, ಸದ್ಯಕ್ಕೆ ಅದು ತಹಶೀಲ್ದಾರರಂತೆ ನಡೆಯುತ್ತಿದೆ. ಎಮ್ಮೆಯ ಮುಖ ನನಗಿನ್ನೂ ಹತ್ತುತ್ತಿಲ್ಲ. ನಿಮ್ಮಲ್ಲಿ ಒಂದು ಬೇಡಿಕೆ: ಚಿತ್ರಗಳನ್ನೆಲ್ಲ ಉಳಿಸಿಟ್ಟಿದ್ದೀರಿ, ಸಂತೋಷ. ಆದರೆ ಆ ಹಲ್ಲಿಗೆ ಕಣ್ಣು ಮಿಟುಕಿಸಲು ಕಲಿಸುವಾಗ ನೀವು ಯಾರ ಮುಖ ನೋಡುತ್ತ ಕುಳಿತಿದ್ದಿರಿ, ಎಷ್ಟು ಸಲ ಕೆಡಿಸಿದಿರಿ, ಆಗ ಯಾರಿಗೆ ಬೈದಿರಿ ಎಂಬುದನ್ನು ಎಲ್ಲೂ ಬರೆದಿಟ್ಟಿಲ್ಲ. ದಯವಿಟ್ಟು ಬರೆದಿಡಿ. ಕೆಡಿಸಿದ್ದನ್ನೇ ಹೆಚ್ಚು ಬರೆಯಿರಿ, ನಮಗೆ ಧೈರ್ಯ ಬರುತ್ತದೆ.

ಇನ್ನೂ ಬರೆಯುವುದು ಬಹಳ ಇತ್ತು. ಅಷ್ಟರಲ್ಲಿ ಹುಸೇನಬಿ ಹೇಳಿ ಕಳಿಸಿದ್ದಾಳೆ: ದಿನ ತುಂಬಿದ್ದ ಬಿಜಲಿಗೆ ಬೇನೆ ಎದ್ದಿದೆಯಂತೆ. “ಲಗೂನ ಬಾ, ಕರಾ ಮೊದಲನೇ ಸಲ ಎದ್ದು ನಿಂದ್ರೂದು ಒಮ್ಮಿನ. ನಿನ್ನ ಸಲುವಾಗಿ ಅದು ಮತ್ತ ಬೀಳಾಂಗಿಲ್ಲ.”

ಪೆನ್ಸಿಲ್ ಚೂಪು ಮಾಡಿಕೊಂಡು ಓಡುತ್ತಿದ್ದೇನೆ.

ನಿಮ್ಮ ವಿಧೇಯಳು,
ಅಂಬವ್ವ ಸೊರಟೂರ